ಹದಿನೇಳನೆಯ ಕಲ್ಲು

ಅರಣ್ಯ ಇಲಾಖೆಯ ಇಡೀ ನೌಕರಿಯಲ್ಲಿ ನಾನು ಸಂಶಯಪಡದೆ ಬಿಟ್ಟ ಪ್ರಾಣಿ ಚಿಗರಿ ಒಂದೇ. ಮನುಷ್ಯರ ವಿಷಯದಲ್ಲಿ ಅಂಥ ಔದಾರ್ಯ ತೋರಿಸಿದ್ದು ನೆನಪಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಶಾಂತವ್ವ ಒಗ್ಗರಣೆಗೆ ಕರಿಬೇವು ತಂದರೆ, ಯಾವ ಗಿಡದ್ದು, ಯಾರನ್ನು ಕೇಳಿ ಕಿತ್ತೆ ಎಂದು ವಿಚಾರಣೆ ಮಾಡುತ್ತಿದ್ದೆ. "ನಿಮಗ ಇಲಾಖೆದವರು ಖಾಕಿ ಅಂಗಿ ಕೊಟ್ಟಿಲ್ರಿ, ಖಾಕಿ ತೊಗಲೇ ಹಚ್ಚಿ ಕಳಿಸ್ಯಾರ" ಎನ್ನುತ್ತಿದ್ದಳು. ಈಗ ನಿವೃತ್ತನಾಗಿ ಜಮಖಂಡಿಯಲ್ಲಿ ಕುಳಿತಿದ್ದೇನೆ. ಹಾಲಿನವನ ಕ್ಯಾನಿನೊಳಗೆ ಇಣುಕುವ ಚಟ ಇನ್ನೂ ಹೋಗಿಲ್ಲ.

ಕಳೆದ ತಿಂಗಳು ಅರಣ್ಯ ರಕ್ಷಕರಾಗಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. "ಸರ್, ಜಾಲಿಮಡ್ಡಿ ಕೆಲಸಾ ಖರೆ ಅಂದ್ರ ಹೆಂಗ ಇರತೈತ್ರಿ? ಟ್ರೇನಿಂಗಿನ್ಯಾಗ ಬರೇ ಕಾಯ್ದೆ ಹೇಳ್ಯಾರ" ಎಂದು ಕೇಳಿದರು. ನಾನು ಚಹಾ ಕುಡಿಸಿ ಕಳಿಸಿದೆ, ಏನೂ ಹೇಳಲಿಲ್ಲ. ಇವರನ್ನು ಯಾರು ಕಳಿಸಿರಬಹುದು, ಯಾಕೆ ಕಳಿಸಿರಬಹುದು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ನನಗೇ ನಾಚಿಕೆಯಾಯಿತು. ಇದನ್ನು ಆ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ನಾನು ಏನೇನು ಹಿಡಿದೆ ಎನ್ನುವುದು ಕಡತಗಳಲ್ಲಿ ಇದೆ. ನಾನು ಎಲ್ಲಿ ಎಡವಿದೆ ಎನ್ನುವುದು ಯಾವ ಟ್ರೇನಿಂಗಿನಲ್ಲೂ ಸಿಗುವುದಿಲ್ಲ.

ಜಾಲಿಮಡ್ಡಿ ಎಂದರೆ ಮುಧೋಳ ಮತ್ತು ಬೀಳಗಿಯ ನಡುವಿನ ಕಲ್ಲುನೆಲ. ಮೊಣಕಾಲೆತ್ತರದ ಕಾರಿಕಂಟಿ, ಜಾಲಿ, ಅಲ್ಲೊಂದು ಇಲ್ಲೊಂದು ಬೇವಿನ ಗಿಡ. ಹೊರಗಿನಿಂದ ಬಂದವರು ಅದರ ನಟ್ಟನಡುವೆ ನಿಂತು "ಕಾಡು ಎಲ್ಲಿದೆ?" ಎಂದು ಕೇಳುತ್ತಾರೆ. ಆದರೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ಸುಮ್ಮನೆ ಕುಳಿತರೆ ಮಣ್ಣಿನ ಬಣ್ಣದ ಚಿಗರಿಗಳು ಮಣ್ಣಿನಿಂದಲೇ ಎದ್ದು ಬಂದು ಬಾಲ ಅಲ್ಲಾಡಿಸುತ್ತವೆ. ಅವುಗಳ ಸಲುವಾಗಿಯೇ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದು ಆದದ್ದು ನಾನು ಸೇರಿ ಎಷ್ಟೋ ವರ್ಷಗಳ ಮೇಲೆ.

ನನಗೆ ಕೆಲಸ ಕಲಿಸಿದವರು ಫಾರೆಸ್ಟರ್ ರಾಯರು. ಸಣ್ಣ ದೇಹ, ದೊಡ್ಡ ಮೀಸೆ, ಬಾಯಲ್ಲಿ ಸದಾ ಲವಂಗ. ಸಂಜೆ ಜಾಲಿಯ ಟೊಂಗೆಯೊಂದನ್ನು ಬಂಡಿದಾರಿಯ ಮೇಲೆ ಎಳೆದು ಮಣ್ಣು ಸಪಾಟು ಮಾಡಿಸುತ್ತಿದ್ದರು. ಬೆಳಿಗ್ಗೆ ಅದೇ ದಾರಿಯಲ್ಲಿ ಬಗ್ಗಿ ಬಗ್ಗಿ ನಡೆಯಬೇಕು. ಯಾವ ಕಾಲು, ಎತ್ತ ಹೋಯಿತು, ಭಾರ ಹೊತ್ತಿತ್ತೋ ಖಾಲಿ ಇತ್ತೋ ಎಲ್ಲ ಅಲ್ಲೇ ಬರೆದಿರುತ್ತಿತ್ತು. "ಲೇ ಮಲ್ಲಪ್ಪ, ಮಂದಿ ಮಾರಿ ನೋಡಬ್ಯಾಡ, ನೆಲಾ ನೋಡು. ಮಾರಿ ಸುಳ್ಳ ಹೇಳತೈತಿ" ಎನ್ನುತ್ತಿದ್ದರು. ನಾನು ನೆಲ ನೋಡುವುದನ್ನು ಕಲಿತೆ, ಆದರೆ ಮುಖ ನೋಡಿ ಸಂಶಯಪಡುವುದನ್ನು ಬಿಡಲಿಲ್ಲ.

ಒಂದು ಬೇಸಿಗೆ ತೇರದಾಳದ ಜೈನ ವ್ಯಾಪಾರಿಯೊಬ್ಬರು ಚಿಗರಿಗಳಿಗೆ ಕುಡಿಯಲು ನಾಲ್ಕು ಕಲ್ಲಿನ ದೋಣಿ ಮಾಡಿಸಿ, ದಿನಾ ಟ್ಯಾಂಕರಿನಲ್ಲಿ ನೀರು ಕಳಿಸಿದರು. ಪುಕ್ಕಟೆ ನೀರು ಯಾರು ಕೊಡುತ್ತಾರೆ? ಏನೋ ಬೆರೆಸಿರಬೇಕು ಎಂದು ಮೊದಲ ದಿನ ನಾನೇ ಒಂದು ಚರಿಗೆ ಕುಡಿದು ಗಿಡದ ಕೆಳಗೆ ಕುಳಿತೆ, ಏನಾಗುತ್ತದೆ ನೋಡೋಣ ಎಂದು. ಏನೂ ಆಗಲಿಲ್ಲ. ನೀರು ಬಲು ಸಿಹಿಯಾಗಿತ್ತು. ವ್ಯಾಪಾರಿ ಕೈಮುಗಿದು "ಇನ್ನೊಂದ ಚರಿಗಿ ಕೊಡ್ಲ್ಯಾ ಸಾಹೇಬ್ರ?" ಎಂದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಇನ್ನು ಗಂಗವ್ವನ ವಿಷಯ. ಮಡ್ಡಿಯ ಪೂರ್ವದ ಅಂಚಿಗೆ ಅವಳದು ನಾಲ್ಕು ಎಕರೆ ಹೊಲ. ಗಂಡ ಬೇಗ ತೀರಿಕೊಂಡಿದ್ದ. ಅವನನ್ನು ಆ ಹೊಲದಲ್ಲೇ ಮಣ್ಣು ಮಾಡಿದ್ದರು. ಒಬ್ಬಳೇ ಜೋಳ, ಕಡಲೆ ಬೆಳೆದುಕೊಂಡು ಇದ್ದಳು. ತಿಮ್ಮಾಪುರದ ಕಡೆಯ ತಮ್ಮ ಅವಳಿಗೊಂದು ಮುಧೋಳ ನಾಯಿ ಕೊಟ್ಟಿದ್ದ. ನೀಳ ಮೂತಿ, ಬೆನ್ನಿಗೆ ಅಂಟಿದ ಹೊಟ್ಟೆ, ಓಡಿದರೆ ಕಣ್ಣಿಗೆ ನಿಲ್ಲದು. ಇದು ಚಿಗರಿ ಹಿಡಿಯಲಿಕ್ಕೇ ಸಾಕಿದ ನಾಯಿ ಎಂದು ನಾನು ತೀರ್ಮಾನಿಸಿದೆ. ಕೈಯಾರೆ ಹಿಡಿಯಬೇಕೆಂದು ಒಂದು ದಿನ ಬೆಳಿಗ್ಗೆಯಿಂದ ಕಂಟಿಯೊಳಗೆ ಅಡಗಿ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ನಾಯಿ ಬಂತು. ನೇರ ನನ್ನ ಹತ್ತಿರವೇ ಬಂದು, ಪಕ್ಕದಲ್ಲಿ ಕುಳಿತು, ನನ್ನ ಬುತ್ತಿಯ ಗಂಟು ಮೂಸಿ, ಬಾಲ ಬಡಿಯತೊಡಗಿತು. ಹಿಂದೆಯೇ ಗಂಗವ್ವ ಬಂದಳು.

"ಏನ್ರೀ ಗಾರ್ಡ್ ಸಾಹೇಬ್ರ, ಕಂಟ್ಯಾಗ ಕುಂತು ತತ್ತಿ ಇಡಾಕತ್ತೀರೇನು?"

ಆ ಮಾತು ಊರೆಲ್ಲ ಹಬ್ಬಿತು. ಒಂದು ವರ್ಷ ಯಾವ ಚಹಾದಂಗಡಿಗೆ ಹೋದರೂ "ತತ್ತಿ ಎಷ್ಟಾದುವ್ರಿ?" ಎಂದು ಕೇಳುತ್ತಿದ್ದರು. ನನಗೆ ಗಂಗವ್ವನ ಮೇಲೆ ಸಿಟ್ಟು ಕುಳಿತಿತು. ಈಗ ಹೇಳಲಿರುವ ತಪ್ಪಿಗೆ ಆ ಸಿಟ್ಟಿನ ಪಾಲೂ ಇದೆ.

ಅದೇ ಚಳಿಗಾಲ ದೊಡ್ಡ ಸಾಹೇಬರ ತಪಾಸಣೆ ಬಂತು. ಕಾಡಿನ ಗಡಿಕಲ್ಲುಗಳಿಗೆಲ್ಲ ಸುಣ್ಣ ಬಳಿದು, ಕೆಂಪು ಬಣ್ಣದಲ್ಲಿ ನಂಬರು ಬರೆಯಬೇಕೆಂದು ಹುಕುಂ. ರಾಯರು ಮಗಳ ಮದುವೆಗೆ ರಜೆ ಹಾಕಿದ್ದರು. ನಾನು ಬನಹಟ್ಟಿಯಿಂದ ಬಣ್ಣದ ಡಬ್ಬಿ ತಂದು ಒಬ್ಬನೇ ಹೊರಟೆ. ಹದಿನಾರನೆಯ ಕಲ್ಲು ಸಿಕ್ಕಿತು. ಹದಿನೆಂಟನೆಯದೂ ಸಿಕ್ಕಿತು. ನಡುವಿನ ಹದಿನೇಳು ಮಾತ್ರ ಇಲ್ಲ. ಎರಡು ದಿನ ಹುಡುಕಿದೆ. ಮೈಯೆಲ್ಲ ಮುಳ್ಳು ಗೀರಿತ್ತು. ಕಡೆಗೆ ಗಂಗವ್ವನ ಹೊಲದ ಆಚೆ, ಕಾಡಿಗೆ ದೂರದ ಬದುವಿನಲ್ಲಿ, ಬನ್ನಿ ಗಿಡದ ಬುಡಕ್ಕೆ, ಬೆಳ್ಳಗೆ ಏನೋ ಕಂಡಿತು.

ಹತ್ತಿರ ಹೋಗಿ ನೋಡಿದರೆ ಸುಣ್ಣ ಹಚ್ಚಿದ ಐದು ಕಲ್ಲು. ನಾನೂ ಹುನ್ನೂರಿನ ಒಕ್ಕಲಿಗರ ಮನೆಯವನೇ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ ಚರಗ ಚೆಲ್ಲುವುದು ನನಗೆ ಗೊತ್ತಿಲ್ಲವೆ? ಚೆಲ್ಲಿದ ಅನ್ನ ಇನ್ನೂ ಹೊಲದಲ್ಲಿ ಒಣಗುತ್ತಿತ್ತು. ಆದರೆ ಐದರಲ್ಲಿ ಒಂದು ಕಲ್ಲು ಉಳಿದವುಗಳಿಗಿಂತ ದೊಡ್ಡದು. ಅದರ ಒಂದು ಮುಖ ಸಪಾಟಾಗಿ, ಮನುಷ್ಯನ ಕೈ ಆಡಿದಂತೆ ಇತ್ತು. ನನ್ನ ಸಂಶಯದ ಹುಳ ತಲೆ ಎತ್ತಿತು. ಅಬ್ಬಾ ಗಂಗವ್ವ! ಸರಕಾರದ ಕಲ್ಲು ಕಿತ್ತು ತಂದು ಧರ್ಮರಾಯನನ್ನು ಮಾಡಿಬಿಟ್ಟಿದ್ದಾಳೆ, ದೇವರಿಗೆ ಯಾರೂ ಕೈ ಹಚ್ಚುವುದಿಲ್ಲ ಎಂದು!

ಹಾಗಾದರೆ ಕಲ್ಲು ಕಿತ್ತ ಹಳೆಯ ಜಾಗವನ್ನು ಹುಡುಕಬೇಕಿತ್ತು. ನಾನು ಹುಡುಕಲಿಲ್ಲ. ಕಲ್ಲು ಇರುವಲ್ಲೇ ಗಡಿ ಎಂದುಕೊಂಡೆ. ಸರಕಾರದ ಗಡಿಕಲ್ಲಿಗೆ ಉಳಿಯಿಂದ ಕೊರೆದ ಬಾಣದ ಗುರುತು ಇರುತ್ತದೆ. ಸುಣ್ಣದ ಅಡಿಯಲ್ಲಿ ಇದ್ದೇ ಇರುತ್ತದೆ, ಕೆರೆದು ಏನು ನೋಡುವುದು ಎಂದು ಕುಂಚ ಅದ್ದಿ ದೊಡ್ಡದಾಗಿ ೧೭ ಎಂದು ಬರೆದೆ. ತಪಾಸಣೆಗೆ ಬಂದ ಸಾಹೇಬರು ಜೀಪಿನಿಂದಲೇ ನೋಡಿ "ಗುಡ್" ಎಂದರು.

ರಾಯರು ರಜೆ ಮುಗಿಸಿ ಬಂದು ನೋಡಿ ಲವಂಗ ಅಗಿಯುವುದನ್ನು ನಿಲ್ಲಿಸಿದರು. "ಮಲ್ಲಪ್ಪ, ಲೈನ್ ಯಾಕೋ ಡೊಂಕ ಬಿತ್ತಲ್ಲೋ. ಗಂಗವ್ವನ ಹೊಲಾನ ಒಳಗ ಬಂತು."

"ಆಕಿನ ಒಳಗ ಬಂದಾಳ್ರಿ. ಕಲ್ಲ ಅಲ್ಲೇ ಐತ್ರಿ."

"ನೋಡಪಾ. ಬಾಯಿಲೆ ಅಂದ್ರ ಅನ್ನು, ಡೈರಿ ಒಳಗ ಬರೀಬ್ಯಾಡ. ಬರದಿದ್ದು ಹಲ್ಲ ಬಂದು ಕಚ್ಚತೈತಿ."

ಆ ವರ್ಷವೇ ರಾಯರು ನಿವೃತ್ತರಾದರು. ಅವರು ಹೋದ ಮರುವಾರ ನಾನು ಬರೆದೆ: 'ಹದಿನೇಳನೆಯ ಕಲ್ಲಿನ ಒಳಗೆ ಒತ್ತುವರಿಯ ಶಂಕೆ.' ಪ್ರತಿ ವರ್ಷ ಅದೇ ಸಾಲು ಬರೆಯುತ್ತ ಹೋದೆ. ಯಾರೂ ಕ್ರಮ ಕೈಗೊಳ್ಳಲಿಲ್ಲ, ಕೇಳಲೂ ಇಲ್ಲ. ಪ್ರತಿ ವರ್ಷ ಗಂಗವ್ವ ಎಳ್ಳಮಾವಾಸ್ಯೆಗೆ ಕಲ್ಲಿಗೆ ಹೊಸ ಸುಣ್ಣ ಹಚ್ಚುತ್ತಿದ್ದಳು. ಹಬ್ಬ ಮುಗಿದ ಮೇಲೆ ನಾನು ಹೋಗಿ ಅದರ ಮೇಲೆ ಹೊಸದಾಗಿ ೧೭ ಬರೆಯುತ್ತಿದ್ದೆ. ನಮ್ಮ ಕಲ್ಲಿಗೆ ಈಕೆ ಪುಕ್ಕಟೆ ಸುಣ್ಣ ಹಚ್ಚುತ್ತಾಳೆ ಎಂದು ನನಗೆ ಒಳಗೊಳಗೇ ನಗು. ಅವಳು ಏನೆಂದುಕೊಂಡಿದ್ದಳು ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಕಾಲ ಬದಲಾಯಿತು. ಜಾಲಿ ಟೊಂಗೆ ಎಳೆಯುವುದು ನಿಂತು, ಗಿಡಕ್ಕೆ ಕ್ಯಾಮೆರಾ ಕಟ್ಟುವುದು ಬಂತು. ಡೈರಿ ಹೋಗಿ ಮೊಬೈಲ್ ಬಂತು. ಸಂರಕ್ಷಿತ ಪ್ರದೇಶದ ನಕ್ಷೆ ಮಾಡಲು ಹೊಸ ಸಾಹೇಬರು ಬಂದರು. ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಕೆಲಸದಲ್ಲಿ ಖಡಕ್ಕು. ಕೈಯಲ್ಲೊಂದು ಯಂತ್ರ ಹಿಡಿದು ಪ್ರತಿ ಗಡಿಕಲ್ಲಿನ ಮುಂದೆ ನಿಂತು ಗುಂಡಿ ಒತ್ತಿದರು. ಆಕಾಶದ ಉಪಗ್ರಹ ಜಾಗ ಹೇಳುತ್ತದಂತೆ. ಉಪಗ್ರಹವನ್ನೂ ನಾನು ಸಂಶಯದಿಂದಲೇ ನೋಡಿದೆ. ಆದರೆ ಹದಿನೇಳನೆಯ ಕಲ್ಲಿನ ಮುಂದೆ ಸಾಹೇಬರನ್ನು ಕರೆದೊಯ್ದು "ಇದ ರೀ ಸರ್" ಎಂದು ತೋರಿಸಿದವನು ನಾನೇ. ನಕ್ಷೆ ಬಂದಾಗ ಗಂಗವ್ವನ ಹೊಲ ಪೂರಾ ಕಾಡಿನ ಹಸಿರು ಬಣ್ಣದೊಳಗಿತ್ತು.

ನಾನು ನಿವೃತ್ತನಾಗುವ ವರ್ಷ ನೆರೆಹೊರೆಯ ದೇಶಗಳ ಸಂರಕ್ಷಿತ ತಾಣಗಳ ಅಧಿಕಾರಿಗಳು ಅರ್ಧ ದಿನದ ಮಟ್ಟಿಗೆ ಜಾಲಿಮಡ್ಡಿಗೆ ಬಂದರು. ನೇಪಾಳ, ಶ್ರೀಲಂಕಾ, ಬಾಂಗ್ಲಾ, ಭೂತಾನ ಎಂದು ಏಳೆಂಟು ಮಂದಿ. ಕಾಡು, ಹಳೆಯ ಗುಡಿ, ವಿಹಾರ ಎಲ್ಲವನ್ನೂ ಒಟ್ಟಿಗೆ ಹೇಗೆ ಕಾಯಬೇಕು ಎಂದು ಒಬ್ಬರ ಜಾಗ ಒಬ್ಬರು ನೋಡುತ್ತ ತಿರುಗುತ್ತಿದ್ದರಂತೆ. ಇಷ್ಟು ದೂರದಿಂದ ಕಾರಿಕಂಟಿ ನೋಡಲು ಯಾರು ಬರುತ್ತಾರೆ? ನಾನು ಎಲ್ಲರ ಕೈಗಳ ಮೇಲೆ ಕಣ್ಣಿಟ್ಟೆ. ಶ್ರೀಲಂಕಾದವರೊಬ್ಬರು ಬಗ್ಗಿ ಏನೋ ಹೆಕ್ಕಿ ಜೇಬಿಗೆ ಹಾಕಿಕೊಂಡರು. ಸಿಕ್ಕಿದ ಕಳ್ಳ! ಮುಂದೆ ಹೋಗಿ ಜೇಬು ತೋರಿಸಿ ಎಂದು ಸನ್ನೆ ಮಾಡಿದೆ. ಅವರು ನಗುತ್ತ ನನ್ನ ಅಂಗೈಗೆ ಸುರಿದರು: ಚಿಗರಿಯ ಹಿಕ್ಕಿ. ಏನು ಮೇಯುತ್ತವೆ ಎಂದು ಪರೀಕ್ಷೆ ಮಾಡಲಿಕ್ಕಂತೆ. ಸಾಹೇಬರು ಹಲ್ಲು ಕಡಿದರು, ನಾನು ಹಿಕ್ಕಿ ಹಿಡಿದುಕೊಂಡು ನಿಂತೆ.

ಗಡಿ ತೋರಿಸುತ್ತ ಸಾಹೇಬರು ಎಲ್ಲರನ್ನೂ ಬನ್ನಿ ಗಿಡದ ಹತ್ತಿರ ಕರೆತಂದರು. ಭೂತಾನದ ಅಧಿಕಾರಿ, ಐವತ್ತು ದಾಟಿದ ಹೆಣ್ಣುಮಗಳು, ಕಲ್ಲು ನೋಡಿದ್ದೇ ಬೂಟು ಬಿಚ್ಚಿದರು. ಸಾಹೇಬರು ಇದು ಗಡಿಕಲ್ಲು, ದೇವರಲ್ಲ ಎಂದರು. ಆಕೆ ಪಕ್ಕದ ನಾಲ್ಕು ಸಣ್ಣ ಕಲ್ಲುಗಳನ್ನು ತೋರಿಸಿ ಏನೋ ಕೇಳಿದರು. ಸಾಹೇಬರು ನನಗೆ ಕನ್ನಡದಲ್ಲಿ ಹೇಳಿದರು: "ಸರ್ಕಾರದ ಕಲ್ಲಾದರೆ ಜೊತೆಗೆ ಈ ನಾಲ್ಕು ಯಾಕಿವೆ ಅಂತ ಕೇಳ್ತಿದ್ದಾರೆ. ತಾನಾದರೆ ಊರಿನ ಹಿರಿಯ ಹೆಂಗಸನ್ನು ಕೇಳದೆ ಗಡಿಕಲ್ಲು ನೆಡೋದಿಲ್ಲ ಅಂತಾರೆ."

ಆ ಹಿರಿಯ ಹೆಂಗಸು ಅಲ್ಲೇ ಇದ್ದಳು. ಗಂಗವ್ವ ಮಂದಿ ನೋಡಿ ಮಜ್ಜಿಗೆಯ ಗಡಿಗೆ ಹೊತ್ತು ಬಂದಿದ್ದಳು. "ಧರ್ಮರಾಯ್ರೀ ಈತ. ಬಾಜೂಕ ತಮ್ಮಂದಿರು" ಎಂದಳು. ನನ್ನನ್ನು ತೋರಿಸಿ ಹೇಳಿದಳು: "ನಾ ಸುಣ್ಣಾ ಹಚ್ಚತೇನ್ರಿ, ಈ ಸಾಹೇಬ್ರು ವರ್ಷಾ ತಪ್ಪದ ಬಂದು ಕುಂಕುಮಾ ಹಚ್ಚತಾರ. ಮಾತು ಬಿರುಸು ಖರೆ, ಭಾಳ ಭಕ್ತಿ ಮನಷ್ಯಾ."

ಎಲ್ಲರೂ ನಕ್ಕರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಕಲ್ಲು ಕದ್ದವಳ ಬಾಯಲ್ಲಿ ಇಂಥ ಮಾತು ಬರಲು ಸಾಧ್ಯವಿಲ್ಲ. ನೆಲ ನೋಡಲು ಕಲಿಸಿದ ರಾಯರ ನೆನಪಾಗಿ ಮರುದಿನ ಹದಿನಾರರಿಂದ ಹದಿನೆಂಟಕ್ಕೆ ಹಗ್ಗ ಹಿಡಿದು ನೆಟ್ಟಗೆ ನಡೆದೆ. ಹಗ್ಗ ಗಂಗವ್ವನ ಹೊಲದ ಈಚೆ, ಕಾಡಿನ ಕಡೆಯ ಬದುವಿನ ಮೇಲೆ, ಆಳೆತ್ತರದ ಹುತ್ತಕ್ಕೆ ಹೋಗಿ ಮುಟ್ಟಿತು. ನಿಜವಾದ ಹದಿನೇಳನೆಯ ಕಲ್ಲು ಅದರ ಹೊಟ್ಟೆಯಲ್ಲಿದೆ ಎಂದು ನನಗೆ ಖಾತ್ರಿಯಾಯಿತು. ಹೊಲ ಪೂರಾ ಗಡಿಯ ಹೊರಗೆ ಬಂತು.

ಆದರೆ ಅಷ್ಟರಲ್ಲಿ ತಡವಾಗಿತ್ತು. ನಕ್ಷೆಯ ಪ್ರಕಾರ ಹೊಲ ತೆರವು ಮಾಡಬೇಕೆಂದು ಗಂಗವ್ವನಿಗೆ ನೋಟೀಸು ಹೋಯಿತು. ಅವಳ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಾಲ್ಕು ಎಕರೆ ಇತ್ತು. ಯಾವ ನಾಲ್ಕು ಎಕರೆ ಎನ್ನುವುದಕ್ಕೆ ಕಲ್ಲೇ ಸಾಕ್ಷಿ. ಕಲ್ಲಿಗೆ ಸಾಕ್ಷಿ ನನ್ನ ಡೈರಿ, ಒಂದೆರಡಲ್ಲ, ಅಷ್ಟೂ ವರ್ಷಗಳದು. ರಾಯರು ಹೇಳಿದ ಹಲ್ಲು ಈಗ ಬಂದಿತ್ತು, ಆದರೆ ಕಚ್ಚಿದ್ದು ನನ್ನನ್ನಲ್ಲ.

ನಾನು ಸಾಹೇಬರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಅಷ್ಟು ವರ್ಷ ನಾನು ಮಂದಿಯನ್ನು ನೋಡಿದ್ದು ಹಾಗೆಯೇ.

"ಇಷ್ಟು ವರ್ಷ ಒತ್ತುವರಿ ಅಂತ ಬರೆದು, ನಿವೃತ್ತಿಗೆ ಮೂರು ತಿಂಗಳಿರುವಾಗ ತಪ್ಪಾಯ್ತು ಅಂತೀರಿ. ಆ ಮುದುಕಿ ಏನು ಕೊಟ್ಟಳು, ಮಲ್ಲಪ್ಪ?"

ನಾನು ಈ ಪ್ರಶ್ನೆ ಕೇಳಿದ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. "ಮಜ್ಜಿಗಿ ಕೊಟ್ಟಾಳ್ರಿ" ಎಂದೆ. ಅವರು ಸ್ಥಳಕ್ಕೆ ಬಂದು ನೋಡುತ್ತೇನೆ, ಹುತ್ತ ಅಗೆಸಿ ಕಲ್ಲು ತೋರಿಸಿ ಎಂದರು.

ಗಂಗವ್ವನ ಹತ್ತಿರ ಹೋದೆ. ಜೋಳದ ರಾಶಿಯ ಮುಂದೆ ನೋಟೀಸು ಮಡಚಿ ಹಿಡಿದು ಕುಳಿತಿದ್ದಳು. ಕಲ್ಲಿನ ಕಥೆ ಪೂರಾ ಹೇಳಿದೆ. ಸಂಶಯ, ಸಿಟ್ಟು, ತತ್ತಿಯ ಮಾತು, ಎಲ್ಲ.

ಅವಳು ನೋಟೀಸು ಕೆಳಗಿಟ್ಟು ಕೇಳಿದಳು, "ಹಂಗಾರ ಅದು ಕುಂಕುಮ ಅಲ್ಲೇನ್ರಿ?"

"ಅಲ್ಲವ್ವಾ. ನಂಬರು."

"ನಾ ಸಾಲಿ ಕಲ್ತಾಕಿ ಅಲ್ಲ. ಕೆಂಪಗ ಕಂಡಿದ್ದೆಲ್ಲಾ ದೇವರದ ಅನ್ಕೊಂಡೆ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನನ್ನ ಗಂಡ ಇಲ್ಲೇ ಮಣ್ಣಾಗ್ಯಾನ. ಈ ಹೊಲಾ ಬಿಟ್ಟು ನಾ ಎಲ್ಲಿ ಹೋಗ್ಲಿ, ನೀವ ಹೇಳ್ರಿ."

ಹುತ್ತ ಅಗೆದರೆ ಹೊಲ ಉಳಿಯುತ್ತದೆ ಎಂದೆ. ಪಂಚಮಿಗೆ ಆ ಹುತ್ತಕ್ಕೆ ಹಾಲೆರೆಯುವವಳು ಅವಳೇ. ತಲೆ ಅಲ್ಲಾಡಿಸಿದಳು. "ನಾಗಪ್ಪನ ಮನಿ ಕೆಡವಿ ನನ್ನ ಮನಿ ಉಳಿಸ್ಕೊಳ್ಳಾ? ಬ್ಯಾಡ್ರಿ. ಹೋದ್ರ ಹೋಗ್ಲಿ." ನಾನು ಬೈದೆ, ಕೈ ಮುಗಿದೆ. ಅವಳು ಜಪ್ಪಯ್ಯ ಅನ್ನಲಿಲ್ಲ. ಆ ಸಂಜೆ ಮನೆಗೆ ಬಂದು ಶಾಂತವ್ವನ ಮುಂದೆ ಅತ್ತೆ.

ಸ್ಥಳ ತಪಾಸಣೆಯ ದಿನ ಸಾಹೇಬರು ಹುತ್ತದ ಮುಂದೆ ನಿಂತು ಗುದ್ದಲಿ ಎಲ್ಲಿ ಎಂದರು. ಅಗೆಯಲು ಯಾರೂ ಮುಂದೆ ಬರಲಿಲ್ಲ, ನಾನೂ ಸೇರಿ. ಆಗ ಗಂಗವ್ವ ಒಂದು ಕೊಡ ನೀರು, ತೆಂಗಿನ ನಾರು, ಕುರ್ಪಿ ಹಿಡಿದು ಬನ್ನಿ ಗಿಡದ ಕಡೆ ನಡೆದಳು.

"ನಾಗಪ್ಪನ ಸುದ್ದಿ ಬಿಡ್ರಿ. ಧರ್ಮರಾಯ ಸುಳ್ಳ ಹೇಳೂದಿಲ್ಲ, ಆತನ್ನ ಕೇಳ್ರಿ. ಜಳಕಾ ಮಾಡಸ್ತೀನಿ, ಏನ ಬರದೈತಿ ನೋಡ್ಕೊಳ್ರಿ."

ನೀರು ಸುರಿದು ಕುರ್ಪಿಯ ಬೆನ್ನಿನಿಂದ ಮೆಲ್ಲಗೆ ಕೆರೆಯತೊಡಗಿದಳು. ಸುಣ್ಣ ಪದರು ಪದರಾಗಿ ಏಳತೊಡಗಿತು. ಒಂದು ಬಿಳಿ ಪದರು, ಅದರ ಕೆಳಗೆ ನನ್ನ ಕೆಂಪು ೧೭, ಮತ್ತೆ ಬಿಳಿ, ಮತ್ತೆ ೧೭. ನನ್ನ ಇಡೀ ನೌಕರಿ ಹಕ್ಕಳಿಕೆಯಾಗಿ ಕಿತ್ತು ನೆಲಕ್ಕೆ ಬೀಳುತ್ತಿತ್ತು. ನನ್ನ ಮೊದಲ ೧೭ರ ಕೆಳಗೂ ಸುಣ್ಣವಿತ್ತು, ಅದೂ ಹೋಯಿತು. ಕಡೆಗೆ ಕರಿಕಲ್ಲು ಬಂತು. ಬಾಣದ ಗುರುತು ಎಲ್ಲೂ ಇರಲಿಲ್ಲ. ಒಂದು ಅಂಚು ಗುಂಡಗೆ, ಇನ್ನೊಂದು ಅಂಚು ಒಡೆದದ್ದು. ಒಡೆದ ಅಂಚಿನ ನಡುವೆ ಸುಣ್ಣ ಮೆತ್ತಿದ್ದ ಅರ್ಧ ತೂತು. ಸಪಾಟು ಮುಖದ ತುಂಬ ಹಿಟ್ಟು ಬೀಸಲು ಹೊಡೆದ ಉಳಿಯ ಸಣ್ಣ ಕಚ್ಚುಗಳು.

"ನಮ್ಮತ್ತಿ ಬೀಸೂಕಲ್ಲರಿ" ಎಂದಳು ಗಂಗವ್ವ. "ಒಡದ ಕಲ್ಲ ಮನ್ಯಾಗ ಇಡಬಾರದಂತ ಹೊಲಕ್ಕ ತಂದು ಧರ್ಮರಾಯನ್ನ ಮಾಡಿದ್ಲು. ದೇವರ ಮೈ ಕೆರಿಯಾಕ ಇಷ್ಟ ದಿನಾ ನನಗ ಮನಸ ಬರಲಿಲ್ಲರಿ."

ಸಾಹೇಬರು ಕುಕ್ಕರುಗಾಲಿನಲ್ಲಿ ಕುಳಿತು ತೂತಿಗೆ ಬೆರಳು ಹಾಕಿ ನೋಡಿದರು. ಬೀಸುವ ಕಲ್ಲನ್ನು ಗಡಿಗೆ ನೆಡುವ ಸರಕಾರ ಎಲ್ಲೂ ಇಲ್ಲ. ಹಗ್ಗ ಹಿಡಿಸಿ ಲೈನನ್ನು ಮತ್ತೆ ನೋಡಿದರು. ನನ್ನಿಂದ ಹೇಳಿಕೆ ಬರೆಸಿಕೊಂಡರು. ನಾಲ್ಕು ಸಾಲು ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ನೋಟೀಸು ರದ್ದಾಯಿತು, ನಕ್ಷೆ ತಿದ್ದಿದರು. ಕರ್ತವ್ಯಲೋಪಕ್ಕೆ ನನಗೊಂದು ಮೆಮೊ ಬಂತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹುಡುಗಿಯರೇ, ಜಾಲಿಮಡ್ಡಿಯಲ್ಲಿ ಸಂಶಯ ಬೇಕು. ಉರುಲು ಹಾಕುವವರು ಇದ್ದಾರೆ, ಬೇಲಿ ಸರಿಸುವವರು ಇದ್ದಾರೆ. ಆದರೆ ಬರೆಯುವ ಮೊದಲು ಸುಣ್ಣ ಕೆರೆದು ನೋಡಿ, ಹೊಲದವರನ್ನು ಒಂದು ಮಾತು ಕೇಳಿ. ನಿಜವಾದ ಹದಿನೇಳನೆಯ ಕಲ್ಲು ಈಗಲೂ ಆ ಹುತ್ತದೊಳಗೇ ಇದೆ. ಅದಕ್ಕೆ ನಂಬರು ಹಚ್ಚಲು ಹೋಗಬೇಡಿ.

ಈ ಸಲ ಎಳ್ಳಮಾವಾಸ್ಯೆಗೆ ಗಂಗವ್ವ ಚರಗಕ್ಕೆ ಕರೆದಿದ್ದಳು. ಬಂಡಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ. ಯಾಕೆ ಕರೆದಳು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಶಾಂತವ್ವ "ಉಣ್ಣಾಕ ಕರದಾಳ್ರಿ, ಸುಮ್ಮಕ ನಡೀರಿ" ಎಂದು ತಿವಿದಳು. ಬನ್ನಿ ಗಿಡದ ಬುಡದಲ್ಲಿ ಧರ್ಮರಾಯ ಹೊಸ ಸುಣ್ಣ ಹಚ್ಚಿಕೊಂಡು ಕುಳಿತಿದ್ದ. ಗಂಗವ್ವ ಕುಂಕುಮದ ಬಟ್ಟಲು ನನ್ನ ಮುಂದೆ ಹಿಡಿದಳು.

"ಹಚ್ಚರಿ ಸಾಹೇಬ್ರ. ವರ್ಷಾ ನೀವ ಹಚ್ಚತಿದ್ರಿ."

ಬೆರಳು ಅದ್ದಿ ಬಗ್ಗಿದೆ. ಅಷ್ಟು ವರ್ಷದ ರೂಢಿ, ಕೈ ತಾನಾಗಿ ೧ ಎಂದು ಎಳೆಯತೊಡಗಿತು. ಗಂಗವ್ವ ನನ್ನ ಮುಂಗೈ ಹಿಡಿದಳು.

"ಅಂಕಿ ಬ್ಯಾಡ್ರಿ" ಎಂದಳು. "ಬೊಟ್ಟ ಸಾಕು."